‘ಬೇಡ’ ಎನ್ನಲು ಹನ್ನೊಂದು ವಾರ ಬೇಕೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬ್ರೌಸರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಲೇಖಕರು ಒಂದು ಮಾತು ಎಸೆದು ಹೋಗಿದ್ದಾರೆ. ಬ್ರೌಸರ್‌ಗಳ ಕೋಡ್ ಎಲ್ಲರ ಕಣ್ಣಿಗೂ ಬಿಚ್ಚಿಟ್ಟಿದೆ, ತಪ್ಪು ಕಂಡವರು ತಿದ್ದಿ ಕಳಿಸುತ್ತಲೂ ಇದ್ದಾರೆ, ಆದರೂ ಆ ತಿದ್ದುಪಡಿಗಳು ತಿಂಗಳುಗಟ್ಟಲೆ ಕೊಳೆಯುತ್ತವೆ, ಒಳಗಿನವರ ಸೋಮಾರಿತನವೇ ಇದಕ್ಕೆ ಕಾರಣ ಅಂತ.

ಆ ಒಳಗಿನವರ ಪೈಕಿ ನಾನೂ ಇದ್ದೇನೆ. ಒಂದು ಬ್ರೌಸರ್ ಎಂಜಿನ್‌ನಲ್ಲಿ, ಅಂದರೆ ಪುಟದ ಕೋಡ್ ಓದಿ ಪರದೆಗೆ ತರುವ ಒಳಭಾಗದಲ್ಲಿ, ಹನ್ನೆರಡು ವರ್ಷದಿಂದ ಕೆಲಸ. ಯಾವುದು ಅಂತ ಹೇಳುವುದಿಲ್ಲ. ಇಲ್ಲಿ ಹೇಳುವ ತಪ್ಪುಗಳಲ್ಲಿ ಅರ್ಧ ನನ್ನವು, ಇನ್ನರ್ಧ ಜೊತೆಯವರದು, ಅವರ ಅಪ್ಪಣೆ ನಾನು ಕೇಳಿಲ್ಲ. ಇವತ್ತು ಬೆಳಿಗ್ಗೆ ಲೆಕ್ಕ ಹಾಕಿದೆ. ನನ್ನ ಹೆಸರಿಗೆ 37 ಪ್ಯಾಚ್‌ಗಳು ಬಾಕಿ ಇವೆ. ಅತಿ ಹಳೆಯದು ಬಂದು 14 ತಿಂಗಳಾಯಿತು. ಆದ್ದರಿಂದ ಲೇಖಕರ ಬೈಗುಳವನ್ನು ಪೂರ್ತಿ ತಳ್ಳಿಹಾಕಲು ನನಗೆ ಮುಖವಿಲ್ಲ. ಆದರೆ ಅವರು ಬೈದ ಕಾರಣ ಮಾತ್ರ ಸರಿಯಿಲ್ಲ.

ಮೊದಲು ಈ ಸರತಿ ಏನು ಅಂತ ಹೇಳಿಬಿಡುತ್ತೇನೆ. ಪ್ಯಾಚ್ ಅಂದರೆ ಕೋಡ್‌ನಲ್ಲಿ ಈ ಸಾಲು ತೆಗೆಯಿರಿ, ಈ ಸಾಲು ಸೇರಿಸಿ ಎನ್ನುವ ಚೀಟಿ. ಯಾರು ಬೇಕಾದರೂ ಬರೆಯಬಹುದು. ಆದರೆ ಆ ಭಾಗದ ಕೋಡ್ ಬಲ್ಲ ಇನ್ನೊಬ್ಬರು ಓದಿ ಒಪ್ಪದೆ ಅದು ಒಳಗೆ ಹೋಗುವುದಿಲ್ಲ. ಈ ಓದುವಿಕೆಗೆ ರಿವ್ಯೂ ಅನ್ನುತ್ತೇವೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಒಪ್ಪಿಗೆಗೆ ‘ಆರ್ ಪ್ಲಸ್’ ಅನ್ನುತ್ತಾರೆ, ತಿರಸ್ಕಾರಕ್ಕೆ ‘ಆರ್ ಮೈನಸ್’. ಗೂಗಲ್ ಕ್ರೋಮ್‌ಗೆ ಮೂಲವಾದ ಕ್ರೋಮಿಯಂನಲ್ಲಿ ‘ಎಲ್‌ಜಿಟಿಎಂ’ ಅಂತ ಬರೆಯುವುದು ರೂಢಿ, ನನಗೆ ಸರಿ ಕಾಣುತ್ತಿದೆ ಅಂತ ಅದರ ಅರ್ಥ. ಅಲ್ಲಿ ಕೋಡ್‌ನ ಫೋಲ್ಡರ್‌ಗಳಲ್ಲಿ ‘ಓನರ್ಸ್’ ಅನ್ನುವ ಫೈಲ್ ಇರುತ್ತದೆ. ಅದರಲ್ಲಿ ಹೆಸರಿರುವ ಯಾರಾದರೂ ಹೂಂ ಅನ್ನಬೇಕು. ನನ್ನ ಹೆಸರು ಇಂಥದೇ ಒಂದು ಪಟ್ಟಿಯಲ್ಲಿದೆ. ಲೇಔಟ್ ಭಾಗಕ್ಕೆ ನಾವು ನಾಲ್ಕು ಜನ. ಅದರಲ್ಲಿ ಒಬ್ಬರು ಬೇರೆ ಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು, ಪಟ್ಟಿಯಿಂದ ಹೆಸರು ತೆಗೆದಿಲ್ಲ ಅಷ್ಟೇ.

ಲೇಔಟ್ ಅಂದರೆ ಪುಟದಲ್ಲಿ ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು, ಎಷ್ಟು ಅಗಲ, ಎಷ್ಟು ಎತ್ತರ ಅಂತ ಲೆಕ್ಕ ಹಾಕುವ ಭಾಗ. ಮೊದಲು ಪುಟದ ರಚನೆ ಹೇಳುವ ಎಚ್‌ಟಿಎಂಎಲ್ ಓದಿ ಒಂದು ಮರ ಕಟ್ಟುತ್ತಾರೆ. ಅದರ ಒಂದೊಂದು ಕೊಂಬೆಗೂ ಅದರ ರೂಪ ಹೇಳುವ ಸಿಎಸ್‌ಎಸ್ ನಿಯಮಗಳನ್ನು ಹೊಂದಿಸುತ್ತಾರೆ. ಆಮೇಲೆ ನಮ್ಮ ಕೆಲಸ. ನಮ್ಮ ನಂತರ ಬಣ್ಣ ಬಳಿಯುವವರು, ಕೊನೆಗೆ ಪದರಗಳನ್ನು ಜೋಡಿಸಿ ಪರದೆಗೆ ಕಳಿಸುವವರು. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಾದರೆ ಈ ಇಡೀ ಮೆರವಣಿಗೆಗೆ ಸಿಗುವುದು 16.7 ಮಿಲಿಸೆಕೆಂಡ್. ಪುಟದೊಳಗೆ ಓಡುವ ಪ್ರೋಗ್ರಾಂ, ಅಂದರೆ ಜಾವಾಸ್ಕ್ರಿಪ್ಟ್‌ಗೂ ಅದರಲ್ಲೇ ಪಾಲು.

ಇದರಲ್ಲಿ ಎಂಥ ಸಣ್ಣ ವಿಷಯಗಳಿರುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ. ಅಳತೆಗಳನ್ನು ದಶಮಾಂಶದಲ್ಲಿ ಇಟ್ಟರೆ ಕೂಡಿ ಕಳೆಯುವಾಗ ಚೂರುಪಾರು ಕಳೆದುಹೋಗುತ್ತದೆ. ಅದಕ್ಕೆ ಪಿಕ್ಸೆಲ್ಲನ್ನು ಮೊದಲೇ ತುಂಡು ಮಾಡಿ ಪೂರ್ಣಸಂಖ್ಯೆಯಲ್ಲಿ ಎಣಿಸುತ್ತಾರೆ. ಫೈರ್‌ಫಾಕ್ಸ್‌ನ ಎಂಜಿನ್ ಗೆಕೊ ಒಂದು ಪಿಕ್ಸೆಲ್ಲಿಗೆ 60 ತುಂಡು ಮಾಡುತ್ತದೆ. ಸಫಾರಿಯ ವೆಬ್‌ಕಿಟ್ ಮತ್ತು ಕ್ರೋಮ್‌ನ ಬ್ಲಿಂಕ್ 64 ಮಾಡುತ್ತವೆ. 60 ಆದರೆ ಮೂರರಿಂದ ಸರಿಯಾಗಿ ಭಾಗವಾಗುತ್ತದೆ. 64 ಆದರೆ ಕಂಪ್ಯೂಟರಿಗೆ ಸಲೀಸು, ಆದರೆ ಮೂರು ಕಾಲಂ ಮಾಡಿದರೆ ಸ್ವಲ್ಪ ಉಳಿಯುತ್ತದೆ. ಒಂದು ಬ್ರೌಸರ್‌ನಲ್ಲಿ ಸರಿಯಾಗಿ ಕೂತ ಮೂರನೇ ಕಾಲಂ ಇನ್ನೊಂದರಲ್ಲಿ ಕೆಳಗಿನ ಸಾಲಿಗೆ ಜಾರಿದ್ದನ್ನು ನೀವು ನೋಡಿದ್ದರೆ, ಅದರ ಹಿಂದೆ ಇಂಥದೊಂದು ಚೂರು ಇರಬಹುದು. ನನಗೆ 60 ಇಷ್ಟ. ಇದನ್ನು ಸಹೋದ್ಯೋಗಿಗಳ ಮುಂದೆ ಹೇಳಿದರೆ ಅರ್ಧ ದಿನ ಹಾಳು.

ಈಗ ವಿಷಯಕ್ಕೆ ಬರುತ್ತೇನೆ. ಒಂಬತ್ತು ಸಾಲಿನ ಪ್ಯಾಚ್ ಓದಲು ಒಂದು ದಿನ ಯಾಕೆ ಬೇಕು?

ಮೂರು ವರ್ಷದ ಹಿಂದೆ ನಿಜವಾಗಿಯೂ ಒಂಬತ್ತೇ ಸಾಲಿನ ಒಂದು ಪ್ಯಾಚ್ ಬಂತು. ಪಠ್ಯ ತುಂಬುವ ಚೌಕದಿಂದ ಕರ್ಸರ್ ಹೊರಗೆ ಹೋದಾಗ ಅಂಚು ಒಂದು ಕ್ಷಣ ಮಿನುಗುತ್ತಿತ್ತು, ಅದಕ್ಕೆ ಪರಿಹಾರ. ಬರೆದವರು ಅನುಭವಿ. ಕೋಡ್ ಅಚ್ಚುಕಟ್ಟಾಗಿತ್ತು. ಚೌಕದ ವಿಳಾಸವನ್ನು ಒಂದು ಪಾಯಿಂಟರ್‌ನಲ್ಲಿ ಇಟ್ಟುಕೊಳ್ಳುತ್ತದೆ, ಗಮನ ಹೊರಗೆ ಹೋಯಿತು ಅಂತ ಪುಟಕ್ಕೆ ಸುದ್ದಿ ಮುಟ್ಟಿಸುತ್ತದೆ, ವಾಪಸ್ ಬಂದು ಅದೇ ಚೌಕದ ಅಂಚನ್ನು ಮತ್ತೆ ಬಳಿಯಲು ಹೇಳುತ್ತದೆ. ಟೆಸ್ಟ್‌ಗಳೆಲ್ಲ ಹಸಿರು, ಅಂದರೆ ಪಾಸು. ಶುಕ್ರವಾರ ಸಂಜೆ. ಅವರು ಎರಡು ಸಲ ನೆನಪಿಸಿದ್ದರು, ನನಗೂ ನಾಚಿಕೆಯಾಗಿತ್ತು. ಇಪ್ಪತ್ತು ನಿಮಿಷ ನೋಡಿ ಹೂಂ ಅಂದೆ.

ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಒಂದೇ. ಪುಟಕ್ಕೆ ಸುದ್ದಿ ಮುಟ್ಟಿಸಿದಾಗ ಅಲ್ಲಿ ಏನಾಗುತ್ತದೆ? ಪುಟ ಬರೆದವರ ಜಾವಾಸ್ಕ್ರಿಪ್ಟ್ ಓಡುತ್ತದೆ. ಅದು ಏನು ಬೇಕಾದರೂ ಮಾಡಬಹುದು. ಆ ಚೌಕವನ್ನೇ ಪುಟದಿಂದ ಕಿತ್ತುಹಾಕಬಹುದು. ಕಿತ್ತರೆ ಅದರ ಮೆಮೊರಿ ವಾಪಸ್ ಹೋಗುತ್ತದೆ. ನಮ್ಮ ಪಾಯಿಂಟರ್ ಮಾತ್ರ ಹಳೆಯ ವಿಳಾಸ ಹಿಡಿದು ನಿಂತಿರುತ್ತದೆ, ಖಾಲಿ ಮಾಡಿದ ಮನೆಯ ಬೀಗದ ಕೈ ಹಿಡಿದವರ ಹಾಗೆ. ಆ ಮನೆಗೆ ಈಗ ಬೇರೆ ಯಾರೋ ಬಂದಿರಬಹುದು. ದುರುದ್ದೇಶದ ಪುಟವಾದರೆ ಯಾರು ಬರಬೇಕು ಅನ್ನುವುದನ್ನು ಅದೇ ನಿರ್ಧರಿಸುತ್ತದೆ. ‘ಯೂಸ್ ಆಫ್ಟರ್ ಫ್ರೀ’ ಅನ್ನುವ ಪಿಡುಗು ಇದೇ. 2015ರಿಂದ ಬಂದ ಗಂಭೀರ ಭದ್ರತಾ ಬಗ್‌ಗಳನ್ನು ಕ್ರೋಮಿಯಂನವರು ಎಣಿಸಿ 2020ರಲ್ಲಿ ಪ್ರಕಟಿಸಿದರು. 912 ಬಗ್‌ಗಳಲ್ಲಿ ಸುಮಾರು 70% ಮೆಮೊರಿಯ ತಪ್ಪುಗಳು, ಅವುಗಳಲ್ಲಿ ಅರ್ಧದಷ್ಟು ಈ ಹಳೇ ಬೀಗದ ಕೈಯ ಕಥೆ.

ನಮ್ಮ ಪುಣ್ಯಕ್ಕೆ ಅಡ್ಡಾದಿಡ್ಡಿ ಪುಟಗಳನ್ನು ತಯಾರಿಸಿ ಬ್ರೌಸರ್ ಮೇಲೆ ಎಸೆಯುವ ಫಝರ್ ಯಂತ್ರ ಭಾನುವಾರವೇ ಇದನ್ನು ಹಿಡಿಯಿತು. ಸೋಮವಾರ ಪ್ಯಾಚನ್ನು ಕೋಡ್‌ನಿಂದ ಹೊರಗೆ ಹಾಕಿದೆವು. ಬಳಕೆದಾರರ ತನಕ ಹೋಗಲಿಲ್ಲ. ಆದರೆ ಆ ಒಂಬತ್ತು ಸಾಲಿನಲ್ಲಿ ತಪ್ಪು ಇರಲಿಲ್ಲ, ಗೊತ್ತಾ? ಪ್ರತಿ ಸಾಲೂ ಸರಿಯಾಗಿತ್ತು. ತಪ್ಪು ಇದ್ದದ್ದು ನಾಲ್ಕನೇ ಮತ್ತು ಐದನೇ ಸಾಲಿನ ನಡುವೆ, ಪ್ಯಾಚ್‌ನಲ್ಲಿ ಕಾಣದ ಇನ್ನೊಂದು ಫೈಲಿನಲ್ಲಿ. ರಿವ್ಯೂ ಮಾಡುವವರು ಓದಬೇಕಾದದ್ದು ಅದನ್ನು. ಅದಕ್ಕೇ ಒಂದು ದಿನ.

ಅಂದರೆ ಸರತಿ ಉದ್ದ ಇರುವುದಕ್ಕೆ ಕೆಲಸ ಕಷ್ಟ ಅನ್ನುವುದೇ ಕಾರಣ ಅಂತ ನಾನೂ ಬಹಳ ದಿನ ನಂಬಿದ್ದೆ. ಕಳೆದ ವರ್ಷ ಆ ನಂಬಿಕೆ ಬಿತ್ತು.

ಒಬ್ಬ ವಿದ್ಯಾರ್ಥಿ ಪ್ಯಾಚ್ ಕಳಿಸಿದ್ದ. ಮಾರ್ಜಿನ್‌ಗಳು, ಅಂದರೆ ಪೆಟ್ಟಿಗೆಯ ಸುತ್ತ ಬಿಡುವ ಜಾಗ, ಒಂದರೊಳಗೊಂದು ಮಡಚಿಕೊಳ್ಳುವ ವಿಷಯ. ಮೇಲಿನ ಪೆಟ್ಟಿಗೆಯ ಕೆಳಮಾರ್ಜಿನ್ 20, ಕೆಳಗಿನದರ ಮೇಲ್ಮಾರ್ಜಿನ್ 30 ಇದ್ದರೆ ನಡುವಿನ ಜಾಗ 50 ಆಗುವುದಿಲ್ಲ, 30 ಆಗುತ್ತದೆ. ಇಷ್ಟು ಸರಳ. ಆದರೆ ಒಳಗಿನ ಪೆಟ್ಟಿಗೆ ಖಾಲಿ ಇದ್ದರೆ, ಮಾರ್ಜಿನ್ ಋಣಸಂಖ್ಯೆಯಾದರೆ, ಪಕ್ಕದಲ್ಲಿ ಫ್ಲೋಟ್ (ಒಂದು ಬದಿಗೆ ಸರಿಸಿಟ್ಟ ಪೆಟ್ಟಿಗೆ) ಇದ್ದರೆ ಅಂತ ಹೋಗುತ್ತಾ ಹೋದರೆ ತಲೆ ತಿರುಗುತ್ತದೆ. ಹುಡುಗ ಒಂದು ಅಪರೂಪದ ಸಂದರ್ಭ ಹಿಡಿದಿದ್ದ. ಅವನು ಹೇಳಿದ ಬಗ್ ನಿಜವಾದದ್ದು. ಆದರೆ ಪರಿಹಾರ ತಪ್ಪು ಜಾಗದಲ್ಲಿತ್ತು. ಲೆಕ್ಕ ಮುಗಿದ ಮೇಲೆ ವಾಪಸ್ ಬಂದು ಕೈಯಲ್ಲಿ ತಿದ್ದುತ್ತಿದ್ದ. ಹಾಗೆ ಮಾಡಿದರೆ ಮುಂದಿನ ಸಲ ಪುಟದ ಒಂದು ಭಾಗ ಮಾತ್ರ ಮತ್ತೆ ಲೆಕ್ಕವಾದಾಗ ಬೇರೆ ಉತ್ತರ ಬರುತ್ತದೆ.

ಇದು ನನಗೆ ಗೊತ್ತಾಗಲು ಹತ್ತು ನಿಮಿಷ ಸಾಕಾಯಿತು. ಮೊದಲ ದಿನವೇ ತೆರೆದು ನೋಡಿದ್ದೆ. ಹೇಳಿದ್ದು ಹನ್ನೊಂದು ವಾರದ ಮೇಲೆ.

ಯಾಕೆ ಅಂದರೆ, ಒಪ್ಪಿಗೆ ಬರೆಯಲು ಒಂದು ಪದ ಸಾಕು. ‘ಬೇಡ’ ಅನ್ನುವುದಕ್ಕೆ ಒಂದು ಗಂಟೆ ಬೇಕು. ಯಾಕೆ ಬೇಡ, ಎಲ್ಲಿ ನೋಡಬೇಕು, ಅವನ ಶ್ರಮದಲ್ಲಿ ಯಾವುದು ಒಳ್ಳೆಯದು, ಎಲ್ಲ ಹೇಳಬೇಕು. ಹುಡುಗನ ಮೊದಲ ಪ್ಯಾಚ್ ಬೇರೆ. ನಾಳೆ ಸಮಾಧಾನವಾಗಿ ಬರೆಯೋಣ ಅಂತ ಮುಂದೂಡಿದೆ. ವಾರ ಕಳೆದಷ್ಟೂ ಉತ್ತರ ಇನ್ನೂ ಚೆನ್ನಾಗಿರಬೇಕು ಅನ್ನಿಸುತ್ತದೆ, ಅದಕ್ಕೆ ಇನ್ನಷ್ಟು ಸಮಯ ಬೇಕು ಅನ್ನಿಸುತ್ತದೆ. ಕೊನೆಗೆ ಬರೆದೆ. ಅವನ ಉತ್ತರ ಎರಡೇ ಸಾಲು. ಧನ್ಯವಾದ ಸರ್, ಮೊದಲ ವಾರವೇ ಹೇಳಿದ್ದರೆ ರಜೆ ಇತ್ತು, ಬೇರೆ ದಾರಿಯಲ್ಲಿ ಪ್ರಯತ್ನಿಸುತ್ತಿದ್ದೆ, ಈಗ ಪರೀಕ್ಷೆ ಇದೆ. ಬೈದಿದ್ದರೆ ಸುಲಭವಾಗುತ್ತಿತ್ತು.

ಆ ರಾತ್ರಿ ನನ್ನ ಸರತಿಯನ್ನು ಮೊದಲ ಸಲ ಪ್ರಾಮಾಣಿಕವಾಗಿ ವಿಂಗಡಿಸಿದೆ. ಇವತ್ತು ಬೆಳಿಗ್ಗೆ ಮತ್ತೆ ಮಾಡಿದೆ, ಚಿತ್ರ ಬಹಳ ಬದಲಾಗಿಲ್ಲ. 37ರಲ್ಲಿ ನಿಜವಾಗಿ ಕೂತು ಓದಬೇಕಾದವು 8. ಗಾತ್ರ ನೋಡಿಯೇ ತುಂಡು ಮಾಡಿ ಕಳಿಸಿ ಅನ್ನಬೇಕಾದವು 6. ನನ್ನ ಭಾಗವೇ ಅಲ್ಲದ, ಯಾರೋ ತಪ್ಪಾಗಿ ನನ್ನ ಹೆಸರು ಹಾಕಿದವು 9. ಉಳಿದ 14ಕ್ಕೆ ಉತ್ತರ ‘ಬೇಡ’ ಅಂತ ನನಗೆ ಆಗಲೇ ಗೊತ್ತು.

ಲೇಖಕರ ಸೋಮಾರಿತನದ ಮಾತಿಗೆ ನನ್ನ ಉತ್ತರ ಈ 14. ನಮ್ಮ ಬಾಕಿಯಲ್ಲಿ ದೊಡ್ಡ ಪಾಲು ಓದದೇ ಉಳಿದ ಪ್ಯಾಚ್‌ಗಳದ್ದಲ್ಲ. ಓದಿಯೂ ಬಾಯಿ ಬಿಡದ ಪ್ಯಾಚ್‌ಗಳದ್ದು. ಇದನ್ನು ಸೋಮಾರಿತನ ಅನ್ನುವುದಕ್ಕಿಂತ ದಾಕ್ಷಿಣ್ಯ ಅನ್ನಬೇಕು. ಕಾಯುವವರಿಗೆ ಎರಡೂ ಒಂದೇ, ಒಪ್ಪುತ್ತೇನೆ.

ಹಾಗಂತ ಒತ್ತಡ ಹಾಕಿ ಬೇಗ ಪಾಸು ಮಾಡಿಸಿ ಅನ್ನುವವರ ಜೊತೆಗೂ ನಾನಿಲ್ಲ. ಎಕ್ಸ್‌ಝಡ್ ಕಥೆ ನೆನಪಿರಬಹುದು. ಫೈಲುಗಳನ್ನು ಕುಗ್ಗಿಸುವ ತಂತ್ರಾಂಶ, ಬ್ರೌಸರಿಗೆ ಸಂಬಂಧವಿಲ್ಲ, ಆದರೆ ಸರತಿಯ ಕಥೆ ಅದೇ. ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ. 2022ರಲ್ಲಿ ಕೆಲವು ಹೆಸರುಗಳಿಂದ ಅವರಿಗೆ ಪತ್ರಗಳು ಬಂದವು. ಪ್ಯಾಚ್‌ಗಳು ಕಾಯುತ್ತಿವೆ, ನಿಮ್ಮಿಂದ ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಅಂತ. ಆ ಹೆಸರುಗಳು ನಕಲಿ ಇರಬೇಕು ಅಂತ ಆಮೇಲೆ ಎಲ್ಲರಿಗೂ ಅನ್ನಿಸಿತು. ಸಹಾಯಕ್ಕೆ ಅಂತ ಬಂದ ಒಬ್ಬರಿಗೆ ಕ್ರಮೇಣ ಅಧಿಕಾರ ಸಿಕ್ಕಿತು. ಆ ಹೆಸರಿನಿಂದಲೇ ತಂತ್ರಾಂಶದೊಳಗೆ ಕಳ್ಳಬಾಗಿಲು ಬಂತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಹಟ ಹಿಡಿದು ಕೆದಕಿದ್ದರಿಂದ ಸಿಕ್ಕಿಬಿತ್ತು. ಕಳ್ಳಬಾಗಿಲು ಇಟ್ಟವರು ದಣಿದ ರಿವ್ಯೂವರ್‌ನ ನಾಚಿಕೆಯನ್ನೇ ಆಯುಧ ಮಾಡಿಕೊಂಡಿದ್ದರು. ನನ್ನ ಶುಕ್ರವಾರದ ಸಂಜೆಯನ್ನು ನೆನೆದರೆ ಇದು ಎಷ್ಟು ಸುಲಭ ಅಂತ ಭಯವಾಗುತ್ತದೆ.

ದೊಡ್ಡ ಪ್ಯಾಚ್‌ಗಳ ಬಗ್ಗೆಯೂ ಒಂದು ಮಾತು. ಮುಕ್ತ ತಂತ್ರಾಂಶ ಬರೆಯುವ ಕೆಡಿಇ ಗುಂಪಿನವರ ಕೆಎಚ್‌ಟಿಎಂಎಲ್ ಅನ್ನುವ ಪುಟ್ಟ ಎಂಜಿನನ್ನು ಆಪಲ್ ತೆಗೆದುಕೊಂಡು ಒಳಗೊಳಗೇ ಬೆಳೆಸಿ, 2003ರ ಜನವರಿಯಲ್ಲಿ ಸಫಾರಿ ಬ್ರೌಸರ್ ಅಂತ ಪ್ರಕಟಿಸಿತು. ಹಾಗೆ ಬೆಳೆದ ಎಂಜಿನ್ನೇ ವೆಬ್‌ಕಿಟ್. ಲೈಸೆನ್ಸ್ ಪ್ರಕಾರ ಬದಲಾವಣೆಗಳನ್ನು ಹೊರಗೂ ಕೊಟ್ಟಿತು. ಆದರೆ ಮೂಟೆಗಟ್ಟಿ. ಯಾವ ಸಾಲು ಯಾಕೆ ಬದಲಾಯಿತು ಅನ್ನುವ ಚರಿತ್ರೆ ಅದರಲ್ಲಿ ಇರಲಿಲ್ಲ. ಕೋಡ್ ಕೈಯಲ್ಲಿದ್ದರೂ ಕೆಡಿಇಯವರಿಗೆ ಅದನ್ನು ತಮ್ಮದಕ್ಕೆ ಸೇರಿಸಿಕೊಳ್ಳುವುದು ಕಷ್ಟವಾಗಿತ್ತು. ಜಗಳ ಬೀದಿಗೆ ಬಂದ ಮೇಲೆ, 2005ರ ಜೂನ್‌ನಲ್ಲಿ, ವೆಬ್‌ಕಿಟ್‌ನ ಕೋಡ್ ಭಂಡಾರ ಮತ್ತು ಬಗ್ ಪಟ್ಟಿ ಎಲ್ಲರಿಗೂ ತೆರೆದವು. ಅದೇ ವೆಬ್‌ಕಿಟ್‌ನಿಂದ 2013ರಲ್ಲಿ ಗೂಗಲ್‌ನ ಬ್ಲಿಂಕ್ ಕವಲೊಡೆಯಿತು. ಕೋಡ್ ಬಿಚ್ಚಿಟ್ಟರೆ ಸಾಕು ಅನ್ನುವ ಲೇಖಕರಿಗೆ ಆ ಮೂಟೆಗಳನ್ನು ತೋರಿಸಬೇಕು ಅನ್ನಿಸುತ್ತದೆ. ಮೂರು ಸಾವಿರ ಸಾಲಿನ ಪ್ಯಾಚ್ ಕಳಿಸಿ ಉತ್ತರ ಬರಲಿಲ್ಲ ಅಂತ ಬೇಸರಪಡುವ ಗೆಳೆಯರಿಗೂ. ಹೆಸರು ಬದಲಿಸಿದ್ದು, ಫೈಲು ಸರಿಸಿದ್ದು ಒಂದರಲ್ಲಿ ಇರಲಿ. ನಡವಳಿಕೆ ಬದಲಾಗುವುದು ಇನ್ನೊಂದರಲ್ಲಿ ಇರಲಿ. ಮೊದಲನೆಯದನ್ನು ಕಣ್ಣಾಡಿಸಿ ಬಿಡಬಹುದು. ಎರಡನೆಯದಕ್ಕೆ ಟೆಸ್ಟ್ ಜೊತೆಗಿರಲಿ. ನಾನಂತೂ ಟೆಸ್ಟನ್ನೇ ಮೊದಲು ಓದುತ್ತೇನೆ. ಬರೆದವರಿಗೆ ಏನು ಬೇಕಿತ್ತು ಅನ್ನುವುದು ಅವರ ವಿವರಣೆಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಹುಡುಗನ ಪ್ರಕರಣದ ನಂತರ ನಮ್ಮ ಗುಂಪಿನಲ್ಲಿ ಒಂದು ಚರ್ಚೆ ನಡೆಯಿತು. 90 ದಿನ ಅಲುಗಾಡದ ಪ್ಯಾಚ್‌ಗಳನ್ನು ಯಂತ್ರವೇ ಮುಚ್ಚಿಬಿಡಲಿ ಅಂತ ಒಬ್ಬರು ಹೇಳಿದರು. ನಾನು ಜೋರಾಗಿ ವಿರೋಧಿಸಿದೆ. ಅಲುಗಾಡದೆ ಇದ್ದದ್ದು ನಾವು. ಶಿಕ್ಷೆ ಕಳಿಸಿದವರಿಗೆ ಯಾಕೆ? ಪಟ್ಟಿ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ಕೊನೆಗೆ ಒಂದು ಸಣ್ಣ ನಿಯಮ ಒಪ್ಪಿಕೊಂಡೆವು. ಎರಡು ಕೆಲಸದ ದಿನದೊಳಗೆ ಉತ್ತರ ಹೋಗಬೇಕು. ರಿವ್ಯೂ ಅಲ್ಲ, ಉತ್ತರ. ಓದುತ್ತೇನೆ, ಇಂಥ ದಿನದೊಳಗೆ. ಅಥವಾ ಇದು ನನ್ನದಲ್ಲ, ಇವರನ್ನು ಕೇಳಿ. ಅಥವಾ ತುಂಡು ಮಾಡಿ. ಅಥವಾ ಈ ದಾರಿ ಬೇಡ, ಕಾರಣ ಇದು. ಕಾರಣ ಮೂರು ಸಾಲಿದ್ದರೂ ಸಾಕು, ಗಂಟೆಗಟ್ಟಲೆ ನಯಮಾಡಬೇಡಿ. ಹೋದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದೂ ಆ ದಿನ ತೀರ್ಮಾನವಾಯಿತು. ಅದು ಇನ್ನೂ ಆಗಿಲ್ಲ. ಅದಕ್ಕೂ ಒಂದು ಪ್ಯಾಚ್ ಬೇಕು, ಅದನ್ನೂ ಯಾರಾದರೂ ರಿವ್ಯೂ ಮಾಡಬೇಕು ನೋಡಿ.

ನಿಯಮ ಬಂದ ಮೇಲೂ ನನ್ನ ಹತ್ತಿರ 14 ‘ಬೇಡ’ಗಳು ಹೇಗೆ ಉಳಿದವು ಅಂತ ಕೇಳಬಹುದು. ಹೊಸದಾಗಿ ಬಂದವಕ್ಕೆ ಉತ್ತರ ಹೋಗುತ್ತಿದೆ. ಇವು ಹಳೆಯವು. ವರ್ಷ ದಾಟಿದ ಮೌನವನ್ನು ಮುರಿಯುವುದು ಇನ್ನೂ ಕಷ್ಟ. ಜೊತೆಗೆ ಇನ್ನೊಂದು ಸಂಕಟ ಶುರುವಾಗಿದೆ. ಎಐ ಬರೆದ ಪ್ಯಾಚ್‌ಗಳು. ಭಾಷೆ ನಯ, ವಿವರಣೆ ಉದ್ದ, ಟೆಸ್ಟ್ ಕೂಡ ಇರುತ್ತದೆ. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದರೆ ಕಳಿಸಿದವರ ಬಳಿ ಉತ್ತರ ಇರುವುದಿಲ್ಲ. ಬರೆಯಲು ಅವರಿಗೆ ಎರಡು ನಿಮಿಷ, ಓದಲು ನನಗೆ ಅದೇ ಒಂದು ದಿನ. ಇಂಥವಕ್ಕೆ ‘ಬೇಡ’ ಅನ್ನಲು ನನಗೆ ದಾಕ್ಷಿಣ್ಯ ಇಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾನು ಚುರುಕು.

ಕಂಪನಿಗಳ ಬಗ್ಗೆ ಲೇಖಕರು ಏನೂ ಹೇಳಿಲ್ಲ, ಅದು ನನಗೆ ಆಶ್ಚರ್ಯ. ವರ್ಷದ ಕೊನೆಗೆ ನನ್ನ ಮೇಲಿನವರು ಕೇಳುವುದು ನೀವು ಏನು ಬರೆದಿರಿ ಅಂತ. ನಾನು ಓದಿ ಒಪ್ಪದ ಕಾರಣಕ್ಕೆ ಆಗದೇ ಹೋದ ಅನಾಹುತಗಳಿಗೆ ಯಾವ ಕಾಲಂ ಕೂಡ ಇಲ್ಲ. ಒಂದು ವರ್ಷ 200ಕ್ಕೂ ಹೆಚ್ಚು ರಿವ್ಯೂ ಮಾಡಿದ್ದೆ, ಬರೆದದ್ದು ಕಡಿಮೆ ಆಗಿತ್ತು. ಈ ವರ್ಷ ಸ್ವಲ್ಪ ನಿಧಾನವಾದಿರಲ್ಲ ಅಂದರು. ಸುಮ್ನೆ ತಲೆಯಾಡಿಸಿದೆ. ಈಗ ಮಂಗಳವಾರ ಮತ್ತು ಗುರುವಾರ ಬೆಳಗಿನ ಮೊದಲ ಎರಡು ಗಂಟೆ ರಿವ್ಯೂಗೆ ಅಂತ ಬೇಲಿ ಹಾಕಿಟ್ಟಿದ್ದೇನೆ. ಆ ಹೊತ್ತಿನಲ್ಲಿ ಮೀಟಿಂಗ್ ಇಟ್ಟರೆ ಹೋಗುವುದಿಲ್ಲ.

ಲೇಖಕರು ಹೇಳಿದ್ದರಲ್ಲಿ ಒಂದಂತೂ ನಿಜ. ಕೆಲವು ಬಗ್‌ಗಳು ಮುದುಕಾಗುತ್ತವೆ. ಟೂಲ್‌ಟಿಪ್, ಅಂದರೆ ಮೌಸ್ ಇಟ್ಟಾಗ ಮೂಡುವ ಪುಟ್ಟ ಚೀಟಿಯ, ಎರಡು ದಶಕ ದಾಟಿದ ಒಂದು ಬಗ್ ಫೈರ್‌ಫಾಕ್ಸ್‌ನಲ್ಲಿ ಸರಿಯಾದದ್ದು 2023ರಲ್ಲಿ. ಅಂಥ ಮುದಿ ಬಗ್‌ಗಳು ನಮ್ಮಲ್ಲೂ ಇವೆ, ಒಂದೆರಡು ನನ್ನ ಕೈಯಲ್ಲೇ ಮುದುಕಾದವು. ಆದರೆ ನಿಮ್ಮ ಓದುಗರಲ್ಲಿ ಯಾರಾದರೂ ಯಾವುದೇ ಎಂಜಿನ್‌ಗೆ ಪ್ಯಾಚ್ ಕಳಿಸಿ ಕಾಯುತ್ತಿದ್ದರೆ, ಒಂದು ವಾರ ನೋಡಿ, ಆಮೇಲೆ ನೇರವಾಗಿ ಒಂದೇ ಪ್ರಶ್ನೆ ಕೇಳಿ. ಈ ದಾರಿ ಸರಿಯೇ, ತಪ್ಪೇ? ಯಾವಾಗ ಓದುತ್ತೀರಿ ಅಂತ ಕೇಳಿದರೆ ನಾವು ಸದ್ಯದಲ್ಲೇ ಅಂದುಬಿಡುತ್ತೇವೆ. ದಾರಿ ಕೇಳಿದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆ ಹುಡುಗ ಪರೀಕ್ಷೆ ಮುಗಿಸಿ ಮತ್ತೆ ಬಂದ. ಈ ಸಲ ಲೆಕ್ಕ ನಡೆಯುವ ಜಾಗದಲ್ಲೇ ತಿದ್ದಿದ್ದಾನೆ. ಐದು ತುಂಡು ಮಾಡಿ ಕಳಿಸಿದ್ದಾನೆ, ಪ್ರತಿಯೊಂದಕ್ಕೂ ಟೆಸ್ಟ್. ಮೊದಲನೆಯದು ಕಳೆದ ಗುರುವಾರ ಒಳಗೆ ಹೋಯಿತು. ಎರಡನೆಯದರಲ್ಲಿ ಫ್ಲೋಟ್ ಪಕ್ಕದ ಖಾಲಿ ಪೆಟ್ಟಿಗೆ ಒಂದು ಪಿಕ್ಸೆಲ್ಲಿನ ಮೂರನೇ ಒಂದು ಪಾಲು ಕೆಳಗೆ ಜಾರುತ್ತಿದೆ. ಅವನಿಗೆ ಆ ದಿನವೇ ಬರೆದೆ.

ಇಂತಿ,
ಹೆಸರು ಪ್ರಕಟಿಸಬಾರದೆಂದು ಕೋರುವ
ಒಬ್ಬ ಲೇಔಟ್ ರಿವ್ಯೂವರ್